ಬಾಗಿನ ಮತ್ತು ಭಾಗ



ಭಾದ್ರಪದ ಶುದ್ಧ ತದಿಗೆಯ ಗೌರಿ ಹಬ್ಬಕ್ಕೆ ಇನ್ನು ನಾಲ್ಕೇ ದಿನಗಳಿವೆಯೆನ್ನಿ. ತುಮಕೂರು, ಹಾಸನ, ಮಂಡ್ಯ, ಮೈಸೂರುಗಳ ಯಾವ ಬಸ್ ನಿಲ್ದಾಣದಲ್ಲಿ ನಿಂತರೂ ಈ ದಿನಗಳಲ್ಲಿ ಒಂದು ದೃಶ್ಯವು ಕಣ್ಣಿಗೆ ಬೀಳದೆ ಹೋಗದು. ನಡುವಯಸ್ಸಿನ ಗಂಡಸೊಬ್ಬನು, ಕೆಲವು ಸಲ ಮೀಸೆ ಚಿಗುರುತ್ತಿರುವ ಹುಡುಗನು, ಎರಡು ಬಿದಿರಿನ ಮೊರಗಳನ್ನು ಒಂದರ ಮೇಲೊಂದು ಕವುಚಿ, ಹಳೆಯ ಪಂಚೆಯ ತುಂಡಿನಲ್ಲಿ ಬಿಗಿದು ಕಟ್ಟಿದ ಗಂಟನ್ನು ತೊಡೆಯ ಮೇಲೆ ಮಗುವಿನಂತೆ ಇರಿಸಿಕೊಂಡು ಕುಳಿತಿರುತ್ತಾನೆ. ಅದರೊಳಗೆ ಅಕ್ಕಿ, ತೊಗರಿಬೇಳೆ, ಬೆಲ್ಲದ ಅಚ್ಚು, ತೆಂಗಿನಕಾಯಿ, ಅರಿಶಿನ, ಕುಂಕುಮ, ಕಾಡಿಗೆ, ಬಾಚಣಿಗೆ, ಪುಟ್ಟದೊಂದು ಕನ್ನಡಿ, ಕರಿಮಣಿ, ಹಸಿರು ಗಾಜಿನ ಬಳೆ, ಒಂದು ರವಿಕೆಯ ಕಣ. ಕೊಟ್ಟ ಮನೆಯಲ್ಲಿರುವ ಅಕ್ಕನಿಗೋ ತಂಗಿಗೋ ತವರಿನ ಗೌರಿ ಬಾಗಿನವು ಹೀಗೆ ಹೊರಡುತ್ತದೆ. ಕಂಡಕ್ಟರು ಕೂಡ ಆ ಗಂಟಿಗೆ ಲಗೇಜಿನ ಮಾತೆತ್ತುವುದಿಲ್ಲ. ಹಬ್ಬದ ಹಿಂದಿನ ಸಂಜೆ ಬೀದಿಯ ತುದಿಯಲ್ಲಿ ತಮ್ಮನ ತಲೆ ಕಂಡೊಡನೆ ಹೊಸಲಿಗೆ ಬಂದು ನಿಲ್ಲುವ ಹೆಣ್ಣುಮಗಳ ಮುಖವನ್ನು ಒಮ್ಮೆ ನೋಡಿದವನು, ನಮ್ಮ ಕುಟುಂಬವೆಂಬ ಸಂಸ್ಥೆಯನ್ನು ಹಗುರಾಗಿ ಹಳಿಯಲಾರನು.

ಇದೇ ಅಕ್ಕತಂಗಿಯರನ್ನು ನಾನು ಇನ್ನೊಂದು ಸ್ಥಳದಲ್ಲಿಯೂ ಕಂಡಿದ್ದೇನೆ. ಸುಮಾರು 40 ವರ್ಷಗಳ ಕಾಲ ವಕೀಲಿವೃತ್ತಿಯನ್ನು ನಡೆಸಿದ ನನಗೆ ಸಬ್‌ರಿಜಿಸ್ಟ್ರಾರ್ ಕಚೇರಿಯ ಜಗುಲಿಯು ಮನೆಯ ಜಗುಲಿಯಷ್ಟೇ ಪರಿಚಿತವಾದದ್ದು. ಆ ಜಗುಲಿಯ ಮೇಲೆ ಒಂದು ಮಧ್ಯಾಹ್ನ ನಡೆದುದನ್ನು ಈ ಹೊತ್ತು ನಿಮ್ಮ ಮುಂದಿಡಬೇಕೆನಿಸಿದೆ. ಅರವತ್ತರ ಸಮೀಪದ ಹೆಂಗಸೊಬ್ಬರು ಹಕ್ಕು ಬಿಡುಗಡೆ ಪತ್ರಕ್ಕೆ ಹೆಬ್ಬೆಟ್ಟು ಕೊಡಲು ತಮ್ಮನೊಡನೆ ಬಂದಿದ್ದರು. ತಂದೆಯ ಕಾಲದ ಹೊಲ, ತೋಟ, ಮನೆಗಳಲ್ಲಿ ತಮಗಿರುವ ಸಮಸ್ತ ಹಕ್ಕನ್ನೂ ತಮ್ಮನಿಗೆ ಬಿಟ್ಟುಕೊಡುವ ಪತ್ರ ಅದು. ಬೆರಳಿನ ಗುರುತು ಹಿಡಿಯುವ ಯಂತ್ರದ ಮೇಲೆ ಅವರು ಎಷ್ಟು ಸಲ ಹೆಬ್ಬೆಟ್ಟನ್ನು ಒತ್ತಿದರೂ ಗುರುತು ಮೂಡಲೊಲ್ಲದು. ಕಳೆ ಕಿತ್ತು, ರಾಗಿ ಬೀಸಿ, ಪಾತ್ರೆ ತಿಕ್ಕಿ ಆ ಬೆರಳಿನ ಗೆರೆಗಳೆಲ್ಲ ಸವೆದು ಹೋಗಿದ್ದುವು. ಆಗ ಆ ತಮ್ಮನು ತನ್ನ ಹೆಗಲ ಮೇಲಿನ ಟವಲಿನ ತುದಿಯನ್ನು ನೀರಿನಲ್ಲಿ ಅದ್ದಿ, ಅಕ್ಕನ ಕೈಯನ್ನು ತನ್ನ ಎಡಗೈಯಲ್ಲಿ ಹಿಡಿದು, ಹೆಬ್ಬೆಟ್ಟನ್ನು ಮೆಲ್ಲಮೆಲ್ಲನೆ ಒರೆಸಿದನು. ಜ್ವರ ಬಂದ ಮಗುವಿನ ಹಣೆಯನ್ನು ಒರೆಸುವಂತಿತ್ತು ಆ ರೀತಿ. ಅದರಲ್ಲಿ ಕಪಟವಿರಲಿಲ್ಲ, ಅವನಿಗೆ ಅಕ್ಕನ ಮೇಲೆ ನಿಜವಾಗಿಯೂ ಅಕ್ಕರೆಯಿತ್ತು. ನಾಲ್ಕನೆಯ ಸಲಕ್ಕೆ ಯಂತ್ರವು ಗುರುತನ್ನು ಒಪ್ಪಿಕೊಂಡಿತು.

ಅದಕ್ಕೆ ಮೊದಲು, ನನ್ನ ಕರ್ತವ್ಯವೆಂದು ನಾನು ಆಕೆಯನ್ನು ಬೇರೆಯಾಗಿ ಕರೆದು ಕೇಳಿದ್ದೆ: "ಅಮ್ಮಾ, ಈ ಪತ್ರದಲ್ಲಿ ಏನಿದೆಯೆಂಬುದು ತಿಳಿದಿದೆಯಷ್ಟೆ?"

"ಗೊತ್ತು ಕಣಪ್ಪ. ಎಲ್ಲಾ ನನ್ ತಮ್ಮನಿಗೇ ಆಗ್ಲಿ. ನನಗೆ ಭಾಗ ಬ್ಯಾಡ. ಬಾಗಿನ ಒಂದು ನಿಲ್ದೇ ಇದ್ರೆ ಸಾಕು."

ಆ ಪತ್ರದ ಕರಡನ್ನು ಬರೆದವನು ನಾನೇ. ಅದರಲ್ಲಿ, ಇಂಥ ಪತ್ರಗಳೆಲ್ಲದರಲ್ಲಿಯೂ ಇರುವಂತೆ, 'ನನ್ನ ಸ್ವಇಚ್ಛೆಯಿಂದಲೂ ಸ್ವಸಂತೋಷದಿಂದಲೂ ಯಾರ ಬಲವಂತವೂ ಇಲ್ಲದೆ' ಎಂಬ ಮಾತಿತ್ತು. ವಿವಾಹಕಾಲದಲ್ಲಿ ಕೊಟ್ಟ ಒಡವೆಯೂ ಈಗ ಅರಿಶಿನ ಕುಂಕುಮದ ಬಾಬ್ತು ಕೊಟ್ಟ ಹಣವೂ ಸಂದಾಯವಾಗಿವೆ ಎಂಬ ಮಾತಿತ್ತು. ನೂರಾರು ಸಲ ಬರೆಸಿದ ಮಾತುಗಳು. ಆದರೆ ಆ ದಿನ ಸಂಜೆ ಮನೆಗೆ ಹಿಂದಿರುಗುವಾಗ 'ಬಾಗಿನ ನಿಲ್ಲದೇ ಇದ್ದರೆ ಸಾಕು' ಎಂಬ ನುಡಿಯು ನನ್ನನ್ನು ಬಿಡದೆ ಹಿಂಬಾಲಿಸಿತು. ಅದು ಪ್ರೀತಿಯ ಮಾತೆಂಬುದರಲ್ಲಿ ಸಂದೇಹವಿಲ್ಲ. ಆದರೆ ಪ್ರೀತಿಯ ಒಳಗೇ ಒಂದು ಭಯವೂ ಇತ್ತು: ಭಾಗವನ್ನು ಕೇಳಿದರೆ ಬಾಗಿನವು ನಿಂತುಹೋದೀತೆಂಬ ಭಯ, ಹೊಸಲು ತನಗೆ ಮುಚ್ಚೀತೆಂಬ ಭಯ. ಭಯವೂ ಪ್ರೀತಿಯೂ ಒಂದೇ ಪಾತ್ರೆಯಲ್ಲಿ ಬೆರೆತಿರುವಾಗ, ಯಾವುದು 'ಸ್ವಸಂತೋಷ'ವೆಂದು ನಾನು ಹೇಗೆ ಬರೆಯಲಿ?

ಕುಟುಂಬನಿಷ್ಠೆ ಎಂಬ ಮಾತನ್ನು ನಾವು ಬಹಳ ಗೌರವದಿಂದ ಆಡುತ್ತೇವೆ, ಆಡತಕ್ಕದ್ದೇ ಸರಿ. ಅದಕ್ಕೆ ಎದುರಾಗಿ ಹೊಸ ಕಾಲದ ಭಾವನೆಗಳನ್ನು, ವ್ಯಕ್ತಿಸ್ವಾತಂತ್ರ್ಯ, ಸಮಾನತೆ, ಹಕ್ಕು ಎಂಬಿವುಗಳನ್ನು, ನಿಲ್ಲಿಸಿ, ಒಂದು ನಮ್ಮದು, ಇನ್ನೊಂದು ಹೊರಗಿನಿಂದ ಬಂದುದು ಎಂದು ಎಣಿಸುವುದೂ ವಾಡಿಕೆಯಾಗಿದೆ. ಈ ಎಣಿಕೆಯಲ್ಲಿ ಒಂದು ದೊಡ್ಡ ತಪ್ಪಿದೆಯೆಂಬುದು ನನ್ನ ನಂಬಿಕೆ; ಮತ್ತು ಆ ತಪ್ಪನ್ನು ತೋರಿಸಿಕೊಡುವ ಗ್ರಂಥವು ನಮ್ಮ ಕನ್ನಡ ನಾಡಿನಲ್ಲಿಯೇ ಹುಟ್ಟಿತೆಂಬುದು ನಾವು ಮರೆತಿರುವ ಸಂಗತಿ.

ಇಂದು ಬೀದರ್ ಜಿಲ್ಲೆಯಲ್ಲಿ ಬಸವಕಲ್ಯಾಣವೆಂದು ನಾವು ಕರೆಯುವ ಊರು, ಚಾಲುಕ್ಯ ಚಕ್ರವರ್ತಿ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ, ಎಂದರೆ 1076ರಿಂದ 1126ರವರೆಗೆ, ಅವನ ರಾಜಧಾನಿ ಕಲ್ಯಾಣವಾಗಿತ್ತು. ಅಲ್ಲಿ ಕುಳಿತು ವಿಜ್ಞಾನೇಶ್ವರನೆಂಬ ಪಂಡಿತನು ಯಾಜ್ಞವಲ್ಕ್ಯಸ್ಮೃತಿಗೆ 'ಮಿತಾಕ್ಷರಾ' ಎಂಬ ವ್ಯಾಖ್ಯಾನವನ್ನು ರಚಿಸಿದನು. ಜೀಮೂತವಾಹನನ 'ದಾಯಭಾಗ'ವು ನಡೆಯುತ್ತಿದ್ದ ಬಂಗಾಳ ಮತ್ತು ಅಸ್ಸಾಮುಗಳನ್ನು ಬಿಟ್ಟರೆ, ಭಾರತದ ಬಹುಭಾಗದ ಹಿಂದೂ ಕುಟುಂಬಗಳು ಆಸ್ತಿಯನ್ನು ಹಂಚಿಕೊಂಡದ್ದು ಈ ಗ್ರಂಥದ ಆಧಾರದ ಮೇಲೆ. ಇಂಗ್ಲಿಷ್ ವಿದ್ವಾಂಸ ಕೋಲ್‌ಬ್ರೂಕನು 1810ರಲ್ಲಿ ಇವೆರಡನ್ನೂ ಇಂಗ್ಲಿಷಿಗೆ ತಿರುಗಿಸಿದ ಬಳಿಕ, ಸಂಸ್ಕೃತವನ್ನು ಅರಿಯದ ನ್ಯಾಯಾಧೀಶರ ಮೇಜಿನ ಮೇಲೆಯೂ ಕಲ್ಯಾಣದ ಪಂಡಿತನ ಮಾತು ಬಂದು ಕುಳಿತಿತು.

ಮಗನು ಹುಟ್ಟಿದ ಕ್ಷಣದಲ್ಲಿಯೇ ಪಿತ್ರಾರ್ಜಿತದಲ್ಲಿ ತಂದೆಗೆ ಸಮನಾದ ಹಕ್ಕುಳ್ಳವನಾಗುತ್ತಾನೆಂಬ ಜನ್ಮಸ್ವತ್ವವಾದವನ್ನು ವಿಜ್ಞಾನೇಶ್ವರನು ದೃಢಪಡಿಸಿದನೆಂಬುದು ಎಲ್ಲರಿಗೂ ಗೊತ್ತು. ಅವಿಭಕ್ತ ಕುಟುಂಬದ ಕಂಬವೇ ಅದು. ಆದರೆ ಅದೇ ಗ್ರಂಥದಲ್ಲಿ ಆತನು ಹೆಣ್ಣಿನ ವಿಚಾರವಾಗಿ ಹೇಳಿದ್ದನ್ನು ನಮ್ಮ ಮನೆಗಳು ಕೇಳಿಸಿಕೊಳ್ಳಲಿಲ್ಲ. ಸೋದರರು ತಮ್ಮ ಪಾಲಿನ ಕಾಲುಭಾಗವನ್ನು ಮದುವೆಯಾಗದ ಸೋದರಿಗೆ ಕೊಡಬೇಕೆಂದು ಸ್ಮೃತಿಯಲ್ಲಿ ಬಂದಿರುವುದಕ್ಕೆ, ಅದು ಕೇವಲ ವಿವಾಹದ ಖರ್ಚೆಂದು ಅರ್ಥಮಾಡಿದ ಪಂಡಿತರು ಆಗಲೂ ಇದ್ದರು. ವಿಜ್ಞಾನೇಶ್ವರನು ಅದನ್ನು ಒಪ್ಪಲಿಲ್ಲ. ತಂದೆಯು ತೀರಿಕೊಂಡ ಮೇಲೆ ಕನ್ಯೆಯೂ ದಾಯದಲ್ಲಿ ಭಾಗಿಯೇ, ಕಾಲುಭಾಗವೆಂಬುದು ನಿಜವಾದ ಭಾಗವೇ ಎಂದು ವಾದಿಸಿದನು. ಸಂತಾನವಿಲ್ಲದವನ ಆಸ್ತಿಯು ತಂದೆತಾಯಿಗಳಿಗೆ ಹೋಗಬೇಕಾದಾಗ ಮೊದಲು ತಾಯಿಗೆ, ಅನಂತರ ತಂದೆಗೆ ಎಂದನು. ಸ್ತ್ರೀಧನವೆಂದರೆ ಮದುವೆಯ ಮಂಟಪದಲ್ಲಿ ಕೊಟ್ಟ ಒಡವೆಯಷ್ಟೇ ಎಂಬ ಇಕ್ಕಟ್ಟಾದ ಅರ್ಥವನ್ನು ಬಿಟ್ಟು, ದಾಯದಿಂದ ಬಂದುದು, ಕ್ರಯದಿಂದ ಬಂದುದು, ವಿಭಾಗದಿಂದ ಬಂದುದು, ಹೀಗೆ ಹೆಣ್ಣಿಗೆ ಯಾವ ದಾರಿಯಿಂದ ಬಂದರೂ ಅದು ಆಕೆಯ ಧನವೇ ಎಂದು ಆ ಶಬ್ದದ ಸಹಜಾರ್ಥವನ್ನು ಹಿಡಿದನು. ಈ ಉದಾರವಾದ ವ್ಯಾಖ್ಯೆಯನ್ನು ಕಿರಿದುಮಾಡಿದ್ದು ಲಂಡನ್ನಿನ ಪ್ರಿವಿ ಕೌನ್ಸಿಲ್. ದಾಯದಿಂದ ಬಂದ ಆಸ್ತಿಯು ಹೆಣ್ಣಿಗೆ ಜೀವನಪರ್ಯಂತ ಅನುಭೋಗಕ್ಕೆ ಮಾತ್ರವೆಂದು ತೀರ್ಮಾನಿಸಿದವರು ಕಡಲಾಚೆಯ ನ್ಯಾಯಾಧೀಶರು. ಹೀಗಿರುವಲ್ಲಿ, ಯಾವುದು ಸಂಪ್ರದಾಯ, ಯಾವುದು ನವೀನ? ತಂಗಿಗೆ ಪಾಲಿಲ್ಲವೆನ್ನುವ ಅಣ್ಣನು ತಾನು ಹಿರಿಯರ ಪರವಾಗಿ ಮಾತನಾಡುತ್ತಿದ್ದೇನೆಂದು ಭಾವಿಸುತ್ತಾನೆ. ಹಿರಿಯರಲ್ಲಿ ಹಿರಿಯನಾದವನು ಆತನ ಪಕ್ಷದಲ್ಲಿ ನಿಂತಿಲ್ಲ.

ಸಂಪ್ರದಾಯವು ಒಂದೇ ಆಗಿತ್ತೆಂಬುದೂ ನಿಜವಲ್ಲ. ಘಟ್ಟದ ಕೆಳಗೆ ತುಳುನಾಡಿನಲ್ಲಿ ಅಳಿಯಸಂತಾನದ ಮನೆಗಳಲ್ಲಿ ವಂಶವು ತಾಯಿಯಿಂದ ಮಗಳಿಗೆ ಹರಿಯುತ್ತಿತ್ತು. ಅಲ್ಲಿ ಹೆಣ್ಣಿಲ್ಲದೆ ಕುಟುಂಬದ ಕವರೇ, ಎಂದರೆ ಕವಲೇ, ಇಲ್ಲ. ಘಟ್ಟದ ಮೇಲಿನವರಾದ ನಾವು ಇದನ್ನು ವಿಚಿತ್ರವೆಂದು ಕಂಡೆವಲ್ಲದೆ, ಅದೂ ನಮ್ಮ ಧರ್ಮದೊಳಗಿನ ಒಂದು ಧರ್ಮವೆಂದು ಯೋಚಿಸಲಿಲ್ಲ.

ಆದರೆ ಗ್ರಂಥದ ಮಾತು ಬೇರೆ, ಮನೆಯ ನಡೆ ಬೇರೆ. ನಾನು ಹುಟ್ಟಿ ಬೆಳೆದ ಮನೆಯನ್ನೇ ಹೇಳುತ್ತೇನೆ. ನಮ್ಮ ತಂದೆಯವರೂ ಇಬ್ಬರು ಚಿಕ್ಕಪ್ಪಂದಿರೂ ಒಂದೇ ಒಲೆಯಲ್ಲಿ ಉಂಡವರು. ಆ ಒಲೆಯ ಮುಂದೆ ಕುಳಿತವಳು ನಮ್ಮ ಸೋದರತ್ತೆ. ಬಾಲ್ಯದಲ್ಲಿ ಕೊಟ್ಟು, ಬಾಲ್ಯದಲ್ಲಿಯೇ ಗಂಡನನ್ನು ಕಳೆದುಕೊಂಡು, ಒಂದು ಕಬ್ಬಿಣದ ಟ್ರಂಕಿನೊಡನೆ ತವರಿಗೆ ಹಿಂದಿರುಗಿದವಳು. ಮನೆಯ ಹನ್ನೊಂದು ಮಕ್ಕಳಿಗೆ ಎಣ್ಣೆನೀರು ಎರೆದವಳು, ಬಾಣಂತಿಯರಿಗೆ ಖಾರದ ಉಂಡೆ ಕಟ್ಟಿದವಳು, ಶ್ರಾದ್ಧದ ದಿನ ಮಡಿಯುಟ್ಟು ಮೂರು ಗಂಟೆಯವರೆಗೆ ಗುಟುಕು ನೀರನ್ನೂ ಕುಡಿಯದವಳು ಆಕೆ. ಈ ಕುಟುಂಬಕ್ಕೆ ಆಕೆಯಷ್ಟು ನಿಷ್ಠೆಯಿಂದ ದುಡಿದವರು ನಮ್ಮಲ್ಲಿ ಮತ್ತೊಬ್ಬರಿಲ್ಲ. ನಾನು ಹೈಸ್ಕೂಲಿನಲ್ಲಿದ್ದಾಗ ಮನೆ ಪಾಲಾಯಿತು. ನಡುಮನೆಯಲ್ಲಿ ಅಡ್ಡಗೋಡೆ ಎದ್ದಿತು. ಬಾವಿ ಮಾತ್ರ ಮೂವರಿಗೂ ಸೇರಿದ್ದಾಗಿ ಉಳಿಯಿತು. ತೋಟದ ಪ್ರತಿಯೊಂದು ತೆಂಗಿನ ಮರವನ್ನೂ ಎಣಿಸಿ ಬರೆದ ಪಾಲುಪಟ್ಟಿಯನ್ನು ನಾನು ವಕೀಲನಾದ ಮೇಲೆ ತೆಗೆದು ಓದಿದೆ. ಕೊಡಲಿ, ಗುದ್ದಲಿ, ಹಂಡೆ, ಒರಳು, ಎಲ್ಲಕ್ಕೂ ಅದರಲ್ಲಿ ಸ್ಥಳವಿದೆ. ಅತ್ತೆಯ ವಿಷಯ ಕೊನೆಯ ಕಲಮಿನಲ್ಲಿದೆ: ಮೂವರು ಸೋದರರೂ ಆಕೆಯನ್ನು ಸರದಿಯ ಮೇಲೆ ವರ್ಷಕ್ಕೆ ನಾಲ್ಕು ನಾಲ್ಕು ತಿಂಗಳು ಅನ್ನವಸ್ತ್ರ ಕೊಟ್ಟು ಪೋಷಿಸತಕ್ಕದ್ದು.

ಅದರಂತೆ ನಾಲ್ಕು ತಿಂಗಳಿಗೊಮ್ಮೆ ಆ ಕಬ್ಬಿಣದ ಟ್ರಂಕು ಗೋಡೆಯ ಈಚೆಯಿಂದ ಆಚೆಗೆ ಹೋಗುತ್ತಿತ್ತು. ಬೀದಿಗಿಳಿದು, ಹತ್ತು ಹೆಜ್ಜೆ ನಡೆದು, ಪಕ್ಕದ ಬಾಗಿಲನ್ನು ಹತ್ತಬೇಕು. ಅದನ್ನು ಹೊರುತ್ತಿದ್ದವನು ನಾನು. ಅದು ಹಗುರವಾಗಿತ್ತು. ಎರಡು ಕೆಂಪು ಸೀರೆ, ಒಂದು ಜಪಮಾಲೆ, ವಿಭೂತಿಯ ಗಟ್ಟಿ, ಕಾಶಿಗೆ ಹೋಗಬೇಕೆಂದು ಕೂಡಿಟ್ಟ ಚಿಲ್ಲರೆಯ ಒಂದು ಡಬ್ಬಿ. ಒಮ್ಮೆ ನಾನು ಹುಡುಗುತನದ ಸಿಟ್ಟಿನಿಂದ, "ಅತ್ತೆ, ನಿನಗೂ ಒಂದು ಪಾಲು ಕೇಳಬಾರದಾಗಿತ್ತೆ?" ಎಂದೆ. ಆಕೆ ನನ್ನ ಬಾಯಿಗೆ ಕೈ ಅಡ್ಡ ಹಿಡಿದಳು. "ಹಾಗನ್ನಬಾರದು ಕಣೋ. ಹೆಣ್ಣು ಬಾಯಿಬಿಟ್ಟು ಪಾಲು ಕೇಳಿದಳು ಅಂದರೆ ಮನೆತನದ ಮಾನ ಉಳಿಯುತ್ತೇನೋ?" ಎಂದಳು. ಆ ವೇಳೆಗೆ ಮನೆ ಒಡೆದು ಎರಡು ವರ್ಷಗಳಾಗಿದ್ದುವು. ಒಡೆದವರು ಗಂಡಸರು, ಮಾನವನ್ನು ಕಾಯುವ ಹೊಣೆಯು ಮಾತ್ರ ಆಕೆಯ ಮೇಲೆ ಉಳಿದಿತ್ತು.

ಆಕೆಯ ಕಾಲಕ್ಕೆ ಕಾನೂನೂ ಆಕೆಯ ಪಕ್ಕದಲ್ಲಿರಲಿಲ್ಲ. ನಮ್ಮ ಮೈಸೂರು ಸಂಸ್ಥಾನವು ಈ ದಾರಿಯಲ್ಲಿ ಮುಂದಾಗಿಯೇ ಹೆಜ್ಜೆಯಿಟ್ಟಿತ್ತೆಂಬುದನ್ನು ಹೆಮ್ಮೆಯಿಂದ ಸ್ಮರಿಸಬಹುದು: ಬ್ರಿಟಿಷ್ ಇಂಡಿಯಾದಲ್ಲಿ ವಿಧವೆಯರ ಆಸ್ತಿಹಕ್ಕಿನ ಕಾಯಿದೆಯು ಬಂದುದು 1937ರಲ್ಲಿ, ಮೈಸೂರಿನಲ್ಲಿ ಹಿಂದೂ ಸ್ತ್ರೀಯರ ಹಕ್ಕಿನ ಕಾಯಿದೆಯು 1933ರಲ್ಲಿಯೇ ಜಾರಿಯಾಯಿತು. ವಿಭಾಗಕಾಲದಲ್ಲಿ ತಾಯಿಗೂ ವಿಧವೆಗೂ ಪಾಲು, ಮದುವೆಯಾಗದ ಮಗಳಿಗೆ ಸೋದರನ ಪಾಲಿನ ಕಾಲುಭಾಗ ಎಂದಿತು ಆ ಕಾಯಿದೆ. ಕಲ್ಯಾಣದ ಪಂಡಿತನ ಕಾಲುಭಾಗವು ಎಂಟು ಶತಮಾನಗಳಿಗೂ ಮೀರಿದ ಕಾಲದ ಮೇಲೆ ಅದೇ ನಾಡಿನ ಶಾಸನದಲ್ಲಿ ಮರಳಿ ಕಾಣಿಸಿಕೊಂಡಿತು. ಆದರೆ ಮದುವೆಯಾಗಿ ಹೋದವಳಿಗೆ, ನಮ್ಮ ಅತ್ತೆಯಂತೆ ಹೋಗಿ ಬಂದವಳಿಗೆ, ತವರಿನ ವಿಭಾಗದಲ್ಲಿ ಅದು ಬಾಗಿಲು ತೆರೆಯಲಿಲ್ಲ.

ಅನಂತರದ ಕಥೆಯನ್ನು ಬೇಗ ಹೇಳಿಬಿಡುತ್ತೇನೆ. ಮಂಗಳೂರಿನಲ್ಲಿ ಹುಟ್ಟಿದ ಬೆನಗಲ್ ನರಸಿಂಗ ರಾಯರ ಅಧ್ಯಕ್ಷತೆಯಲ್ಲಿ 1941ರಲ್ಲಿ ನೇಮಕವಾದ ಸಮಿತಿಯು ಹಿಂದೂ ಸಂಹಿತೆಯ ತಳಹದಿಯನ್ನು ಹಾಕಿತು. ಅದನ್ನು ಪಾರ್ಲಿಮೆಂಟಿನಲ್ಲಿ ಹೊತ್ತು ನಡೆದವರು ಡಾ. ಅಂಬೇಡ್ಕರರು. ಮಗಳಿಗೆ ಪಾಲೆಂದೊಡನೆ ಸಭೆಯ ಒಳಗೂ ಹೊರಗೂ ಎದ್ದ ಗದ್ದಲವು ಸಾಮಾನ್ಯವಾದುದಲ್ಲ. ಕುಟುಂಬವೇ ಕುಸಿದುಬೀಳುವುದೆಂದು ವಿದ್ವಾಂಸರೂ ದೇಶಭಕ್ತರೂ ಆದ ಮಹನೀಯರು ಕಳವಳಗೊಂಡರು. ಮಸೂದೆಯನ್ನು ಕೈಬಿಟ್ಟ ನೋವನ್ನೂ ಒಂದು ಕಾರಣವಾಗಿ ಹೇಳಿ, ಅಂಬೇಡ್ಕರರು 1951ರ ಸೆಪ್ಟೆಂಬರಿನಲ್ಲಿ ಮಂತ್ರಿಪದವನ್ನು ತೊರೆದರು. ಬಳಿಕ ಅದು ತುಂಡುತುಂಡಾಗಿ ನಾಲ್ಕು ಕಾಯಿದೆಗಳ ರೂಪದಲ್ಲಿ ಬಂದಿತು. ಅವುಗಳಲ್ಲೊಂದು 1956ರ ಹಿಂದೂ ಉತ್ತರಾಧಿಕಾರ ಕಾಯಿದೆ.

ಆ 1956ರ ಲೆಕ್ಕವನ್ನು ಒಮ್ಮೆ ಕೂಡಿಸಿ ನೋಡಬೇಕು. ತಂದೆಗೆ ಪಿತ್ರಾರ್ಜಿತವಾದ 9 ಎಕರೆ ಭೂಮಿ. ಇಬ್ಬರು ಗಂಡುಮಕ್ಕಳು, ಒಬ್ಬಳು ಮಗಳು. ತಾಯಿ ಮೊದಲೇ ತೀರಿಕೊಂಡಿದ್ದಾಳೆ. ತಂದೆಯು ಮರಣಪತ್ರವಿಲ್ಲದೆ ತೀರಿಕೊಂಡರೆ, ಮೊದಲು ತಂದೆಗೂ ಇಬ್ಬರು ಗಂಡುಮಕ್ಕಳಿಗೂ ಮೂರು ಮೂರು ಎಕರೆ. ಅನಂತರ ತಂದೆಯ ಮೂರು ಎಕರೆಯಲ್ಲಿ ಮಗಳೂ ಸೇರಿ ಮೂವರಿಗೆ ಒಂದೊಂದು. ಎಂದರೆ ಗಂಡುಮಕ್ಕಳಿಗೆ ನಾಲ್ಕು ನಾಲ್ಕು, ಮಗಳಿಗೆ ಒಂದು. ಮನೆಯ ವಿಷಯದಲ್ಲಿ ಇನ್ನೂ ಒಂದು ಬೇಲಿಯಿತ್ತು: ಗಂಡುಮಕ್ಕಳು ತಾವಾಗಿ ಪಾಲುಮಾಡಿಕೊಳ್ಳುವವರೆಗೆ, ಅವರು ವಾಸವಾಗಿರುವ ಮನೆಯಲ್ಲಿ ಮಗಳು ಪಾಲನ್ನು ಕೇಳುವಂತಿರಲಿಲ್ಲ. ನಮ್ಮ ರಾಜ್ಯವು 1994ರಲ್ಲಿ ತಿದ್ದುಪಡಿ ತಂದು ಮಗಳನ್ನೂ ಮಗನಂತೆ ಹುಟ್ಟಿನಿಂದಲೇ ಭಾಗಿಯೆಂದಿತು. ಆದರೆ ಅಷ್ಟರೊಳಗೆ ಮದುವೆಯಾಗಿದ್ದವಳನ್ನು ಹೊರಗಿಟ್ಟಿತು. ಒಂದೇ ಮನೆಯ ಇಬ್ಬರು ಅಕ್ಕತಂಗಿಯರಲ್ಲಿ ಆ ವರ್ಷದ ವೈಶಾಖದಲ್ಲಿ ಧಾರೆಯಾದವಳಿಗೆ ಇಲ್ಲ, ಕಾರ್ತಿಕದಲ್ಲಿ ಧಾರೆಯಾದವಳಿಗೆ ಉಂಟು ಎಂಬಂಥ ಪ್ರಸಂಗಗಳನ್ನು ನಾನು ಕೋರ್ಟಿನಲ್ಲಿ ಕಂಡಿದ್ದೇನೆ. 2005ರ ಸೆಪ್ಟೆಂಬರ್ 9ರಿಂದ ಜಾರಿಗೆ ಬಂದ ಕೇಂದ್ರದ ತಿದ್ದುಪಡಿಯು ಆ ಭೇದವನ್ನೂ ಮನೆಯ ಬೇಲಿಯನ್ನೂ ತೆಗೆಯಿತು. ಆ ದಿನ ತಂದೆ ಬದುಕಿರಬೇಕೆ ಎಂಬ ಜಿಜ್ಞಾಸೆಯನ್ನು 2020ರ ಆಗಸ್ಟ್ 11ರಂದು ಸುಪ್ರೀಂ ಕೋರ್ಟು ಬಗೆಹರಿಸಿತು: ಬದುಕಿರಬೇಕಾಗಿಲ್ಲ, ಮಗಳ ಹಕ್ಕು ಹುಟ್ಟಿನಿಂದಲೇ ಬಂದುದು. ಈಗ ಅದೇ 9 ಎಕರೆಯಲ್ಲಿ ಮೂವರಿಗೂ ಮೂರು ಮೂರು. ಮಗನಿಗೆ ವಿಜ್ಞಾನೇಶ್ವರನು ಕೊಟ್ಟ ಜನ್ಮಸ್ವತ್ವವು ಕೊನೆಗೊಮ್ಮೆ ಮಗಳಿಗೂ ದೊರಕಿತು.

ಕಾನೂನು ಬರಬಹುದಾದಷ್ಟು ದೂರ ಬಂದು ನಿಂತಿದೆ. ಇನ್ನು ಉಳಿದಿರುವುದು ಸಬ್‌ರಿಜಿಸ್ಟ್ರಾರ್ ಕಚೇರಿಯ ಜಗುಲಿ. ಅಲ್ಲಿ ಒದ್ದೆ ಟವಲಿನಿಂದ ಒರೆಸಿದ ಆ ಹೆಬ್ಬೆಟ್ಟು.

ನಾನು ಅಣ್ಣತಮ್ಮಂದಿರನ್ನು ದೂಷಿಸಲು ಹೊರಟಿಲ್ಲ. ಅವರ ಮಾತಿನಲ್ಲಿಯೂ ಸತ್ತ್ವವುಂಟು. ಹಾಸಿಗೆ ಹಿಡಿದ ತಾಯಿಯ ಮಲಮೂತ್ರಗಳನ್ನು ಏಳು ವರ್ಷ ಎತ್ತಿದ ಮಗನನ್ನೂ ಸೊಸೆಯನ್ನೂ ನಾನು ಬಲ್ಲೆ. ಅಕ್ಕನ ಮದುವೆಗೆಂದು ತಂದೆ ಮಾಡಿದ ಸಾಲವನ್ನು ತಾನು ಹೆಗಲಿಗೆ ಹಾಕಿಕೊಂಡು, ಓದು ನಿಲ್ಲಿಸಿ, ಕೊಬ್ಬರಿ ಮಂಡಿಯಲ್ಲಿ ಗುಮಾಸ್ತೆಯಾಗಿ ತೀರಿಸಿದ ತಮ್ಮನನ್ನು ಬಲ್ಲೆ. ಊರಲ್ಲಿ ಉಳಿದವನಿಗೆ ಊರೇ ಒಂದು ಹೊರೆ: ಜಾತ್ರೆಯ ಚಂದಾ, ನೆಂಟರ ಸಾವುನೋವು, ಬತ್ತಿದ ಕೊಳವೆಬಾವಿ, ಕೃಷಿಪತ್ತಿನ ಸಂಘದ ಕಂತು. ನಗರದಲ್ಲಿರುವ ಅಕ್ಕನು ಬೆಲೆ ಏರಿದ ಸುದ್ದಿ ಕೇಳಿ ಪಾಲು ಕೇಳಿದಾಗ ಅವನ ಹೊಟ್ಟೆ ಉರಿಯುವುದು ಸಹಜ. ಇಂಥ ದುಡಿಮೆಗೆ ಲೆಕ್ಕವಿದೆ, ಅದನ್ನು ಲೆಕ್ಕಕ್ಕೆ ತರಲೂಬೇಕು. ಸಾಲದ ಕಾಗದ ತಂದಿಟ್ಟು, ಆಸ್ಪತ್ರೆಯ ಖರ್ಚು ಬರೆದಿಟ್ಟು, ಕುಳಿತು ಮಾತನಾಡಿದರೆ ಬಗೆಹರಿಯದ ವ್ಯಾಜ್ಯಗಳು ಕಡಿಮೆ. ಆದರೆ 'ಅವಳ ಮದುವೆಗೆ ಖರ್ಚುಮಾಡಿದ್ದೇವೆ, ಅದೇ ಅವಳ ಪಾಲು' ಎಂಬ ಮಾತನ್ನು ಮಾತ್ರ ನಾನು ಒಪ್ಪಲಾರೆ. ವರನ ಕಡೆಯವರಿಗೆ ಸುರಿದ ಹಣವು ಮಗಳ ಕೈಗೆ ಬಂದುದಲ್ಲ. 1961ರಿಂದಲೂ ಅದನ್ನು ಕೊಡುವುದು ಅಪರಾಧವೇ ಆಗಿದೆ. ಮಗನ ಮದುವೆಗೂ ಖರ್ಚಾಗುತ್ತದೆ. ಅದನ್ನು ಅವನ ಪಾಲಿನಲ್ಲಿ ಯಾರೂ ಮುರಿದುಕೊಂಡುದನ್ನು ನಾನು ಕಂಡಿಲ್ಲ.

ಇನ್ನೊಂದು ಸಂಗತಿ ನನ್ನನ್ನು ಬಹಳ ನೋಯಿಸಿದೆ. ಆಸ್ತಿಯ ಖಾತೆ ಬದಲಾಯಿಸಲು ನಾಡಕಚೇರಿಯಿಂದ 'ವಂಶವೃಕ್ಷ'ವೆಂಬ ಪತ್ರವನ್ನು ಪಡೆಯಬೇಕು. ಅದಕ್ಕೆ ಕೊಡುವ ವಿವರದಲ್ಲಿ ಹೆಣ್ಣುಮಕ್ಕಳ ಹೆಸರನ್ನೇ ಬಿಟ್ಟು ಬರೆದುಕೊಂಡು ಬಂದವರನ್ನು ನಾನು ಎಷ್ಟೋ ಸಲ ಹಿಂದಕ್ಕೆ ಕಳುಹಿಸಿದ್ದೇನೆ. "ಅವರು ಕೊಟ್ಟ ಮನೆಗೆ ಸೇರಿದವರಲ್ಲವೇ ಸ್ವಾಮಿ?" ಎನ್ನುತ್ತಾರೆ, ಸುಳ್ಳು ಹೇಳುತ್ತಿದ್ದೇವೆಂಬ ಅರಿವೂ ಅವರಿಗಿರುವುದಿಲ್ಲ. ಭೈರಪ್ಪನವರು 1965ರಲ್ಲಿ ಪ್ರಕಟಿಸಿದ 'ವಂಶವೃಕ್ಷ' ಕಾದಂಬರಿಯನ್ನು ನಾನು ಕಾಲೇಜಿನಲ್ಲಿ ಓದಿದಾಗ, ನಂಜನಗೂಡಿನ ಶ್ರೀನಿವಾಸ ಶ್ರೋತ್ರಿಯರ ಗಾಂಭೀರ್ಯಕ್ಕೆ ಮಾರುಹೋಗಿದ್ದೆ. ಮಗನನ್ನು ಆ ಮನೆಯಲ್ಲಿಯೇ ಬಿಟ್ಟು ಪುನರ್ವಿವಾಹವಾದ ಅವರ ಸೊಸೆ ಕಾತ್ಯಾಯನಿಯನ್ನು ಮನಸ್ಸಿನಲ್ಲಿಯೇ ತಪ್ಪಿತಸ್ಥಳೆಂದು ಎಣಿಸಿದ್ದೆ. ಈ ವಯಸ್ಸಿನಲ್ಲಿ ಮರಳಿ ಓದಿದಾಗ, ತಮ್ಮ ಜನ್ಮದ ನಿಜವು ಗೊತ್ತಾದ ಶ್ರೋತ್ರಿಯರ ಮುಂದೆ ಆ ವೃಕ್ಷವೇ ಅಲುಗಾಡುವ ಘಟ್ಟದಲ್ಲಿ ನಾನು ಪುಸ್ತಕವನ್ನು ಮಡಿಸಿ ಬಹಳ ಹೊತ್ತು ಕುಳಿತೆ. ಬೇರು ಯಾವುದು, ಕೊಂಬೆ ಯಾವುದು ಎಂದು ನಿರ್ಧರಿಸುವ ಅಧಿಕಾರವನ್ನು ನಮಗೆ ಕೊಟ್ಟವರು ಯಾರು?

ತ್ಯಾಗವನ್ನು ನಾನು ಅಲ್ಲಗಳೆಯುವವನಲ್ಲ. ತಮ್ಮನು ಬಡವನು, ತನಗೆ ದೇವರು ಕೊಟ್ಟಿದ್ದಾನೆ, ಇರಲಿ ಅವನಿಗೆ ಎಂದು ಅಕ್ಕನು ಬಿಟ್ಟುಕೊಟ್ಟರೆ, ಅದು ಯಾವ ಯಜ್ಞಕ್ಕೂ ಕಡಿಮೆಯಾದುದಲ್ಲ. ಆದರೆ ದಾನದ ಲಕ್ಷಣವನ್ನು ಹೇಳುವಾಗ ನಮ್ಮ ಶಾಸ್ತ್ರಕಾರರು ಎರಡು ಅಂಗಗಳನ್ನು ಗುರುತಿಸುತ್ತಾರೆ: ತನ್ನ ಸ್ವತ್ವದ ನಿವೃತ್ತಿ, ಅನಂತರ ಪರನ ಸ್ವತ್ವದ ಉತ್ಪತ್ತಿ. ಮೊದಲು ತನ್ನದೆಂಬುದು ಇರಬೇಕು. ಇದ್ದರೆ ತಾನೇ ಅದು ನಿವೃತ್ತವಾಗುವುದು! ನಮ್ಮ ಅಕ್ಕತಂಗಿಯರಿಂದ ನಾವು ಪಡೆಯುತ್ತಿರುವ ಹೆಬ್ಬೆಟ್ಟಿಗೆ ಈ ಮೊದಲ ಅಂಗವಿಲ್ಲ. ಆ ಮೂರು ಎಕರೆಯು ಒಂದು ದಿನದ ಮಟ್ಟಿಗೂ ಆಕೆಯ ಹೆಸರಿನಲ್ಲಿ ನಿಂತದ್ದಿಲ್ಲ. ಆಕೆ ಅದರ ಬದುವಿನ ಮೇಲೆ ನಿಂತು ಇದು ನನ್ನದೆಂದು ಒಂದು ಗಳಿಗೆ ನೋಡಿದ್ದಿಲ್ಲ. ಬಂದ ಕಾಯಿಯನ್ನು ಮಾರಿ ಆ ದುಡ್ಡನ್ನು ಸೆರಗಿಗೆ ಕಟ್ಟಿಕೊಂಡದ್ದಿಲ್ಲ. ಆದುದರಿಂದ ಆ ಮಧ್ಯಾಹ್ನದ ಬಳಿಕ ನನ್ನಲ್ಲಿಗೆ ಬಂದವರಿಗೆಲ್ಲ ಒಂದೇ ಮಾತನ್ನು ಹೇಳತೊಡಗಿದೆ: "ಮೊದಲು ಪಹಣಿಯಲ್ಲಿ ಅಕ್ಕನ ಹೆಸರು ಬರಲಿ. ಒಂದು ವರ್ಷದ ಫಸಲು ಆಕೆಗೆ ಹೋಗಲಿ. ಆಮೇಲೆಯೂ ಕೊಡಬೇಕೆನಿಸಿದರೆ ಆಕೆಯೇ ಬಂದು ದಾನಪತ್ರ ಬರೆಸಲಿ; ನಾನು ಫೀಸು ಕೂಡ ತೆಗೆದುಕೊಳ್ಳುವುದಿಲ್ಲ." ಹಲವರು ಬೇರೆ ವಕೀಲರನ್ನು ಹುಡುಕಿಕೊಂಡು ಹೋದರು. ಕೆಲವರು ಕೇಳಿದರು. ಕೇಳಿದವರ ಮನೆಗಳಲ್ಲಿ ವರ್ಷ ಕಳೆದ ಮೇಲೆ ದಾನಪತ್ರ ಬರೆಸಿದ ಅಕ್ಕಂದಿರೂ ಇದ್ದಾರೆ, ಬರೆಸದವರೂ ಇದ್ದಾರೆ. ಬರೆಸಿದವರು ಕಚೇರಿಯ ಮೆಟ್ಟಿಲನ್ನು ಹತ್ತಿ ಬಂದ ಠೀವಿಯೇ ಬೇರೆಯಾಗಿತ್ತು.

ಪರರಿಗೆ ಹೇಳಿದುದನ್ನು ನಾನು ನನ್ನ ಮನೆಯಲ್ಲಿಯೂ ನಡೆಸಬೇಕಾಯಿತು. ತಂದೆಯವರು ತೀರಿಕೊಂಡಾಗ ನಮಗೆ ಉಳಿದದ್ದು ಅವರ ಪಾಲಿಗೆ ಬಂದ ತೆಂಗಿನ ತೋಟ. ನಾನೂ ನನ್ನ ತಂಗಿಯೂ ಇಬ್ಬರೇ. ಆಕೆ ಬೇಡವೆಂದಳು, ಅತ್ತಳು, "ಅಣ್ಣಾ, ಜನ ಏನಂದಾರು?" ಎಂದಳು. ನಾನು ಕೇಳದೆ ಸರ್ವೆಯವರನ್ನು ಕರೆಸಿ, ಅಳೆಯಿಸಿ, ಅರ್ಧವನ್ನು ಆಕೆಯ ಹೆಸರಿಗೆ ಮಾಡಿಸಿದೆ. ಎರಡು ವರ್ಷ ತೋಟದ ಹುಟ್ಟುವಳಿಯನ್ನು ಮುಟ್ಟಿಸಿದೆ. ಆಕೆ ಒಂದಲ್ಲ ಒಂದು ದಿನ ಅದನ್ನು ನನಗೇ ಹಿಂದಿರುಗಿಸುವಳೆಂದು ನನ್ನ ಮನಸ್ಸಿನ ಯಾವುದೋ ಮೂಲೆಯಲ್ಲಿ ಒಂದು ನಿರೀಕ್ಷೆಯಿತ್ತೆಂಬುದು, ಮೂರನೆಯ ವರ್ಷ ಆಕೆ ಅದನ್ನು ಮಾರಿದಾಗ ನನಗೆ ತಿಳಿಯಿತು. ಮೊಮ್ಮಗಳ ಓದಿಗೆ ಹಣ ಬೇಕಾಗಿತ್ತು. ಮಾರುವ ಮೊದಲು ಆಕೆ ನನ್ನನ್ನು ಕೇಳಿದಳು, "ನೀನೇ ತಗೋ ಅಣ್ಣಾ" ಎಂದಳು. ನನ್ನಲ್ಲಿ ಅಷ್ಟು ಹಣವಿರಲಿಲ್ಲ. ತಂದೆಯವರು ಕೈಯಾರೆ ಗುಂಡಿ ತೋಡಿ ನೆಟ್ಟ ಸಾಲಿನ ನಡುವೆ ಪರರ ತಂತಿಬೇಲಿ ಎದ್ದ ದಿನ ನನಗೆ ಊಟ ಸೇರಲಿಲ್ಲ. ಹಕ್ಕು, ಸ್ವತ್ವ, ದಾನ ಎಂದು ಊರಿಗೆಲ್ಲ ಹೇಳುತ್ತಿದ್ದವನ ಎದೆಯಲ್ಲಿ, ಮನೆತನದ ಆಸ್ತಿಯನ್ನು ಹೆಣ್ಣು ಹೊರಗೆ ಕೊಟ್ಟಳು ಎಂಬ ಹಳೆಯ ಧ್ವನಿಯು ಸ್ಪಷ್ಟವಾಗಿ ಮಾತನಾಡಿತು. ಅದು ನಮ್ಮ ಅತ್ತೆಯ ಧ್ವನಿಯಂತೆಯೇ ಇತ್ತು. ಅದನ್ನು ನಿಮ್ಮಿಂದ ಮರೆಮಾಡುವುದು ಸರಿಯಲ್ಲವೆಂದು ಹೇಳುತ್ತಿದ್ದೇನೆ.

ಆ ವರ್ಷದ ಗೌರಿ ಹಬ್ಬಕ್ಕೆ ಎರಡು ದಿನ ಮುಂಚೆ ನನ್ನ ಹೆಂಡತಿಯು ಏನನ್ನೂ ಮಾತನಾಡದೆ ಮೊರಗಳನ್ನು ತೊಳೆದು ಅರಿಶಿನ ಬಳಿದು ಬಿಸಿಲಿಗಿಟ್ಟಳು. ನಾನು ತೋಟಕ್ಕೆ ಹೋಗಿ, ಬೇಲಿಯ ಈಚೆ ಉಳಿದ ಮರಗಳಲ್ಲಿ ಒಂದರಿಂದ ಕಾಯಿ ಕೆಡವಿಸಿ ತಂದೆ. ಬಸ್ಸಿನಲ್ಲಿ ಗಂಟನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತಿದ್ದ ಆ ಎರಡು ಗಂಟೆಗಳಲ್ಲಿ ನನಗೆ ಏನೇನು ಯೋಚನೆಗಳು ಬಂದುವೋ ಹೇಳಲಾರೆ. ಬಾಗಿಲಲ್ಲಿ ತಂಗಿಯು ನಿಂತಿದ್ದಳು. ಆಕೆಯೂ ನನ್ನ ಮುಖವನ್ನು ನೇರವಾಗಿ ನೋಡಲಿಲ್ಲ. ಕಾಲಿಗೆ ನೀರು ಕೊಟ್ಟಳು. ಒಳಗೆ ಕುಳಿತು ಗಂಟನ್ನು ಬಿಚ್ಚಿ, ಮೇಲಿನ ಮೊರವನ್ನು ತೆಗೆದು, ಬಳೆಯನ್ನೂ ಕಣವನ್ನೂ ಪಕ್ಕಕ್ಕೆ ಸರಿಸಿ, ತೆಂಗಿನಕಾಯನ್ನು ಎರಡು ಕೈಯಲ್ಲಿ ಎತ್ತಿ ಕಿವಿಯ ಬಳಿ ಹಿಡಿದು ಅಲುಗಿಸಿದಳು. ಚಿಕ್ಕಂದಿನಿಂದಲೂ ಆಕೆಗೆ ಅದು ಅಭ್ಯಾಸ.

"ಅಣ್ಣಾ, ಇದು ಅಂಗಡೀದಾ, ತೋಟದ್ದಾ?"

"ತೋಟದ್ದೇ ಕಣಮ್ಮ," ಎಂದೆ. "ಬಾವಿಯ ಪಕ್ಕದ ಮರದ್ದು."